ಕಂಪನಿಯ ಸದಸ್ಯತ್ವ ನಿಮ್ಮದಲ್ಲ: ಬ್ರಿಟನ್‌ಗೆ ಬರುವ ಜಿಯೋಟೆಕ್ನಿಕಲ್ ಎಂಜಿನಿಯರ್‌ಗಳಿಗೆ

ಹೊಸದಾಗಿ ಬಂದ ಹುಡುಗಿಯೊಬ್ಬಳು ಮೊನ್ನೆ ತನ್ನ ರೆಸ್ಯೂಮೆ ಕಳಿಸಿ, ಒಮ್ಮೆ ನೋಡಿ ಅಣ್ಣ ಅಂದಳು. ಹೆಸರಿನ ಕೆಳಗೇ ‘ಎಜಿಎಸ್ ಸದಸ್ಯೆ’ ಎಂದಿತ್ತು. ನಾನು ಬಂದ ಹೊಸದರಲ್ಲಿ ಬರೆದುಕೊಂಡಿದ್ದೂ ಇದನ್ನೇ. ಅವಳು ಸದಸ್ಯೆ ಅಲ್ಲ, ನಾನೂ ಆಗಿರಲಿಲ್ಲ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದೆ ನಾನು ಎರಡು ವರ್ಷ ಕಳೆದುಕೊಂಡೆ.

ಎಜಿಎಸ್ ಅಂದರೆ ಅಸೋಸಿಯೇಷನ್ ಆಫ್ ಜಿಯೋಟೆಕ್ನಿಕಲ್ ಅಂಡ್ ಜಿಯೋಎನ್ವಿರಾನ್‌ಮೆಂಟಲ್ ಸ್ಪೆಷಲಿಸ್ಟ್ಸ್. 1988ರಲ್ಲಿ ಶುರುವಾಯಿತು. ಮಣ್ಣು ಪರೀಕ್ಷಿಸಲು ಬೋರ್‌ಹೋಲ್ ಕೊರೆಯುವವರು, ಮಣ್ಣಿನ ಲ್ಯಾಬ್ ನಡೆಸುವವರು, ಕಲುಷಿತ ಜಾಗದ ವರದಿ ಬರೆಯುವವರು, ಇಂಥ ಕಂಪನಿಗಳೆಲ್ಲ ಸೇರಿ ಮಾಡಿಕೊಂಡ ಸಂಘ. ಸ್ವಂತ ಪ್ರಾಕ್ಟೀಸ್ ಇರುವವರೂ ಸೇರಬಹುದು. ಆದರೆ ನೀವು ಕೆಲಸಕ್ಕಿದ್ದರೆ, ಸದಸ್ಯತ್ವ ಇರುವುದು ನಿಮ್ಮ ಕಂಪನಿಗೆ. ನಮ್ಮಲ್ಲಿ ಇಂಡಿಯನ್ ಜಿಯೋಟೆಕ್ನಿಕಲ್ ಸೊಸೈಟಿಗೆ ಒಬ್ಬೊಬ್ಬರೇ ಹೋಗಿ ಸೇರುತ್ತೇವೆ, ಆಜೀವ ಸದಸ್ಯರೂ ಆಗುತ್ತೇವೆ, ಅಲ್ವಾ? ಅದೇ ರೂಢಿಯಲ್ಲಿ ಇಲ್ಲಿಯದನ್ನೂ ಓದಿಕೊಳ್ಳುತ್ತೇವೆ. ಆ ಸೊಸೈಟಿಗೆ ಇಲ್ಲಿ ಜೋಡಿ ಎಂದರೆ ಬ್ರಿಟಿಷ್ ಜಿಯೋಟೆಕ್ನಿಕಲ್ ಅಸೋಸಿಯೇಷನ್. 1961ರಿಂದ ನಡೆಯುತ್ತಿರುವ ರ‍್ಯಾಂಕಿನ್ ಉಪನ್ಯಾಸ ಅವರದೇ. ಒಮ್ಮೆ ಹೋಗಿ ಕೂತು ಕೇಳಿ.

ಎಜಿಎಸ್‌ನಿಂದ ನಿಮಗೆ ದಿನವೂ ಸಿಗುವುದು ಅದರ ಡೇಟಾ ಫಾರ್ಮ್ಯಾಟ್. ಮೊದಲ ಆವೃತ್ತಿ ಬಂದದ್ದು 1992ರಲ್ಲಿ. ಸಾದಾ ಟೆಕ್ಸ್ಟ್ ಫೈಲ್. ಪ್ರತಿ ಅಂಶವೂ ಉದ್ಧರಣ ಚಿಹ್ನೆಯೊಳಗೆ, ನಡುವೆ ಅಲ್ಪವಿರಾಮ. ಬೋರ್‌ಹೋಲ್ ಎಲ್ಲಿದೆ, ಎಷ್ಟು ಆಳದಲ್ಲಿ ಯಾವ ಮಣ್ಣು, ಎಸ್‌ಪಿಟಿ (ಸುತ್ತಿಗೆಯ ಹೊಡೆತ ಎಣಿಸಿ ಮಣ್ಣಿನ ಗಟ್ಟಿತನ ಅಳೆಯುವ ಪರೀಕ್ಷೆ) ಎಷ್ಟು ಬಂತು, ಎಲ್ಲಕ್ಕೂ ಒಂದೊಂದು ಗುಂಪು. ಕೊರೆದವರು ಕೊಟ್ಟ ಫೈಲನ್ನು ಲ್ಯಾಬ್‌ನವರೂ ಡಿಸೈನ್ ಮಾಡುವವರೂ ಹಾಗೇ ತೆರೆಯಬಹುದು. ಊರಲ್ಲಿ ನಾನು ಪಿಡಿಎಫ್ ಲಾಗ್ ನೋಡಿಕೊಂಡು ಎನ್ ಮೌಲ್ಯಗಳನ್ನು, ಅಂದರೆ ಆ ಹೊಡೆತಗಳ ಲೆಕ್ಕವನ್ನು, ರಾತ್ರಿಯೆಲ್ಲ ಕೈಯಲ್ಲೇ ಟೈಪ್ ಮಾಡಿದ್ದೇನೆ. ಈ ವಿಷಯದಲ್ಲಿ ಇಲ್ಲಿಯ ಪದ್ಧತಿಯೇ ಮೇಲು, ನಮ್ಮವರೂ ಇದನ್ನು ತರಬೇಕು. ಒಂದು ಎಚ್ಚರಿಕೆ: ಆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸುಮ್ನೆ ಸೇವ್ ಒತ್ತಬೇಡಿ. ಚಿಹ್ನೆಗಳು ಉದುರುತ್ತವೆ, ದಿನಾಂಕಗಳು ಬದಲಾಗುತ್ತವೆ, ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಒಪ್ಪುವುದಿಲ್ಲ. ಕಳಿಸುವ ಮುಂಚೆ ಬ್ರಿಟಿಷ್ ಜಿಯಾಲಾಜಿಕಲ್ ಸರ್ವೆಯ ಉಚಿತ ಚೆಕರ್‌ನಲ್ಲಿ ಹಾಕಿ ನೋಡಿ.

ಈಗ ನನ್ನ ಎರಡು ವರ್ಷ ಹೋದದ್ದು ಎಲ್ಲಿ ಅಂತ ಹೇಳುತ್ತೇನೆ.

ಕಂಪನಿ ಸದಸ್ಯ, ಕೈಲಿ ಬ್ರಿಟಿಷ್ ಎಂಎಸ್‌ಸಿ, ಇನ್ನೇನು ಬೇಕು ಅಂದುಕೊಂಡಿದ್ದೆ. ಈ ದೇಶದಲ್ಲಿ ಎಂಜಿನಿಯರ್ ಅಂತ ಯಾರು ಬೇಕಾದರೂ ಕರೆದುಕೊಳ್ಳಬಹುದು, ಕಾನೂನು ತಡೆಯುವುದಿಲ್ಲ. ಹಾಗಾಗಿ ಮೊದಲ ಎರಡು ವರ್ಷ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ವರದಿಗೆ ಸಹಿ ಹಾಕುವ ಸರದಿ ಬಂದಾಗ ಕೇಳುತ್ತಾರೆ: ಚಾರ್ಟರ್ಡ್ ಆಗಿದ್ದೀರಾ? ಅಂದರೆ, ನಿಮ್ಮ ಓದು-ಅನುಭವ ಪರಿಶೀಲಿಸಿ ವೃತ್ತಿ ಸಂಸ್ಥೆಯೊಂದು ಕೊಡುವ ಮಾನ್ಯತೆ ಇದೆಯಾ? ಅದು ಎಜಿಎಸ್ ಕೊಡುವುದಲ್ಲ. ಸಿವಿಲ್‌ನವರಿಗೆ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್, ಅಂದರೆ ಐಸಿಇ. ಭೂವಿಜ್ಞಾನ ಓದಿದವರಿಗೆ ಜಿಯಾಲಾಜಿಕಲ್ ಸೊಸೈಟಿ. 2011ರಲ್ಲಿ ಬಂದ ಗ್ರೌಂಡ್ ಎಂಜಿನಿಯರಿಂಗ್ ರಿಜಿಸ್ಟರ್, ಅಂದರೆ ಈ ಕ್ಷೇತ್ರದ ನುರಿತವರ ಪಟ್ಟಿ, ಅದಾದ ಮೇಲಿನ ಮಾತು.

ನಾನು ಐಸಿಇಗೆ ಅರ್ಜಿ ಹಾಕಲು ಹೋದಾಗ ಗೊತ್ತಾಯಿತು, ನನ್ನ ಎಂಎಸ್‌ಸಿಗೆ ಇದ್ದ ಮಾನ್ಯತೆ ‘ಫರ್ದರ್ ಲರ್ನಿಂಗ್’ ಮಾತ್ರ. ಅಂದರೆ ಮಾನ್ಯತೆ ಇರುವ ಬಿಇ ಮೊದಲೇ ಇದ್ದರೆ, ಅದರ ಮೇಲೆ ಇದು ಸೇರಿ ಲೆಕ್ಕ ಪೂರ್ತಿ. ಅಂಥ ಮಾನ್ಯ ಬಿಇ ಇಲ್ಲದಿದ್ದರೆ ಎಂಎಸ್‌ಸಿ ಒಂದರಿಂದಲೇ ಆಗುವುದಿಲ್ಲ. ಒಂದು ದೇಶದ ಎಂಜಿನಿಯರಿಂಗ್ ಪದವಿಯನ್ನು ಇನ್ನೊಂದು ದೇಶ ಮಾನ್ಯ ಮಾಡುವ ಒಪ್ಪಂದವಾದ ವಾಷಿಂಗ್ಟನ್ ಅಕಾರ್ಡ್‌ಗೆ ಭಾರತ 2014ರಲ್ಲಿ ಪೂರ್ಣ ಸದಸ್ಯವಾಯಿತು, ನಿಜ. ಆದರೆ ಅದು ಅನ್ವಯಿಸುವುದು ಎನ್‌ಬಿಎ (ಭಾರತದ ನ್ಯಾಷನಲ್ ಬೋರ್ಡ್ ಆಫ್ ಅಕ್ರೆಡಿಟೇಷನ್) ಟಿಯರ್-1 ಮಾನ್ಯತೆ ಕೊಟ್ಟ ಕೋರ್ಸ್‌ಗಳಿಗೆ ಮಾತ್ರ. ಕಾಲೇಜಿನ ಗೋಡೆ ಮೇಲೆ ಎನ್‌ಬಿಎ ಬೋರ್ಡ್ ಇದ್ದರೆ ಸಾಲದು, ಟಿಯರ್ ಯಾವುದು, ನೀವು ಓದಿದ ವರ್ಷಕ್ಕೆ ಮಾನ್ಯತೆ ಇತ್ತಾ, ಎರಡೂ ನೋಡಬೇಕು. ನನ್ನದು ಅದಕ್ಕಿಂತ ಹಳೆಯದು.

ಇಂಥವರ ಓದನ್ನು ಐಸಿಇ ಬೇರೆಯಾಗಿಯೇ ತೂಗಿ ನೋಡುತ್ತದೆ. ಸೆಮಿಸ್ಟರ್‌ವಾರು ಅಂಕಪಟ್ಟಿ ಊರಿಂದ ತರಿಸಬೇಕಾಯಿತು. ಕಡಿಮೆ ಬಿದ್ದದ್ದನ್ನು ಕೆಲಸದಲ್ಲಿ ಕಲಿತದ್ದರಿಂದ ತುಂಬಿ ತೋರಿಸಬೇಕಾಯಿತು. ಆಗ ನನ್ನ ಹತ್ತಿರ ಒಂದೂ ಟಿಪ್ಪಣಿ ಇರಲಿಲ್ಲ. ಒಂದು ಟ್ರಯಲ್ ಪಿಟ್‌ನಲ್ಲಿ (ಮಣ್ಣು ನೋಡಲು ತೋಡುವ ಗುಂಡಿ) ಜೇಡಿಮಣ್ಣಿಗೆ ಹೆಬ್ಬೆರಳು ಒತ್ತಿದರೆ ಸಲೀಸಾಗಿ ಅಚ್ಚು ಬೀಳುತ್ತಿತ್ತು, ಹಳೆಯ ನಕ್ಷೆ-ದಾಖಲೆ ನೋಡಿ ಮೊದಲೇ ಬರೆದ ಡೆಸ್ಕ್ ಸ್ಟಡಿಯಲ್ಲಿ ಗಟ್ಟಿ ಮಣ್ಣು ಎಂದಿತ್ತು. ನಾನು ಕೆಲಸ ನಿಲ್ಲಿಸಿ, ಇನ್ನೆರಡು ಗುಂಡಿ ತೋಡಿಸಿ, ಪಾಯದ ಆಳ ಬದಲಿಸಲು ಹೇಳಿದ್ದೆ. ಚಾರ್ಟರ್ಡ್ ಆಗಲು ಐಸಿಇ ನಡೆಸುವ ರಿವ್ಯೂನಲ್ಲಿ ಅವರಿಗೆ ಬೇಕಾಗಿದ್ದು ಇಂಥದ್ದೇ ನಿರ್ಧಾರ. ಆದರೆ ಯಾವ ದಿನ, ಯಾವ ಗುಂಡಿ, ಯಾರಿಗೆ ಹೇಳಿದೆ ಅನ್ನುವುದು ನೆನಪಿರಲಿಲ್ಲ. ಆ ಎರಡು ವರ್ಷದ ಅನುಭವ ಕಾಗದದ ಮೇಲೆ ಇಲ್ಲವೇ ಇಲ್ಲ ಅನ್ನುವಂತಾಯಿತು. ದಯವಿಟ್ಟು ಮೊದಲ ವಾರದಿಂದಲೇ ಬರೆದಿಡಿ, ಹಿರಿಯರಿಂದ ಸಹಿ ಹಾಕಿಸಿಕೊಳ್ಳಿ.

ಎಂಎಸ್‌ಸಿಗೆ ಫೀಸ್ ಕಟ್ಟುವ ಮುಂಚೆ ಎಂಜಿನಿಯರಿಂಗ್ ಕೌನ್ಸಿಲ್‌ನ ಮಾನ್ಯ ಕೋರ್ಸ್‌ಗಳ ಪಟ್ಟಿ ತೆರೆಯಿರಿ. ನಿಮ್ಮ ಕೋರ್ಸ್ ಪಕ್ಕದ ಟಿಪ್ಪಣಿಯನ್ನು ಪೂರ್ತಿ ಓದಿ. ವಿಶ್ವವಿದ್ಯಾಲಯದ ಬ್ರೋಷರ್‌ನಲ್ಲಿ ‘ಮಾನ್ಯತೆ ಇದೆ’ ಎನ್ನುವುದು ದೊಡ್ಡ ಅಕ್ಷರದಲ್ಲಿ ಇರುತ್ತದೆ, ಷರತ್ತು ಸಣ್ಣ ಅಕ್ಷರದಲ್ಲಿ. ಆ ಹುಡುಗಿ ಸಂಜೆಯೇ ಪಟ್ಟಿ ನೋಡಿ ಫೋನ್ ಮಾಡಿದಳು. ಅವಳ ಎಂಎಸ್‌ಸಿಯೂ ಫರ್ದರ್ ಲರ್ನಿಂಗೇ. ಆದರೆ ಅವಳ ಬಿಇ 2019ರದು, ಟಿಯರ್-1. ‘ಎಜಿಎಸ್ ಸದಸ್ಯೆ’ ಅಳಿಸಿ, ಆ ಜಾಗದಲ್ಲಿ ಐಸಿಇ ಪದವೀಧರ ಸದಸ್ಯತ್ವಕ್ಕೆ ಅರ್ಜಿ ಹಾಕಿದ್ದೇನೆ ಅಂತ ಬರೆದಿದ್ದಾಳೆ.