ಬದುಕುತ್ತೋ ಇಲ್ವೋ ಅನ್ನೋದು ನನ್ನ ಪ್ರಶ್ನೆ ಅಲ್ಲ

ಶಿರಾದಿಂದ ತುಮಕೂರಿಗೆ ಹೈವೇ 48ರಲ್ಲಿ ನಾನು ದಿನಾ ಓಡಾಡುತ್ತೇನೆ. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ಪ್ರಾಣಿ ವೈದ್ಯ ಅಲ್ಲ. ಆದರೆ ದಾರಿಯಲ್ಲಿ ಗಾಡಿ ಹೊಡೆದು ಬಿದ್ದ ನಾಯಿಗಳನ್ನು ಎತ್ತಿ ಎತ್ತಿ ಒಂದಿಷ್ಟು ಕಲಿತಿದ್ದೇನೆ. ಜಾಸ್ತಿ ಪಾಲು ತಪ್ಪು ಮಾಡಿಯೇ.

ಮೊದಲ ಸಲ ಒಂದು ಕಂದು ನಾಯಿಯನ್ನು ಕಂಕುಳಿಗೆ ಕೈ ಹಾಕಿ ಎತ್ತಿದೆ. ಅಂಗೈಗೆ ಹಲ್ಲು ಇಳಿಸಿತು. ಅದರ ತಪ್ಪಲ್ಲ, ಅಷ್ಟು ನೋವಿದ್ದಾಗ ಸಾಕಿದವರನ್ನೇ ಕಚ್ಚುತ್ತದೆ. ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿದೆ. ರೇಬಿಸ್ ಇಂಜೆಕ್ಷನ್ ಎಲ್ಲ ಕೋರ್ಸೂ ಮುಗಿಸಿದೆ. ಅವತ್ತಿನಿಂದ ಕಾರಿನ ಡಿಕ್ಕಿಯಲ್ಲಿ ಒಂದು ಪ್ಲೈವುಡ್ ಹಲಗೆ, ಎರಡು ಗೋಣಿಚೀಲ, ಹಳೇ ಬೆಡ್‌ಶೀಟು, ಹಳೇ ಪಂಚೆಯಿಂದ ಹರಿದ ಎರಡು ಮಾರು ಉದ್ದದ ಪಟ್ಟಿ ಇರುತ್ತವೆ.

ಪಟ್ಟಿ ಯಾಕೆ ಅಂದರೆ ಬಾಯಿ ಕಟ್ಟಲು. ಕುಣಿಕೆ ಮಾಡಿ ಮೂತಿಯ ಮೇಲೆ ಹಾಕಿ, ಗದ್ದದ ಕೆಳಗೆ ಒಮ್ಮೆ ದಾಟಿಸಿ, ಕಿವಿಯ ಹಿಂದೆ ಗಂಟು. ಉಸಿರಿಗೆ ಒದ್ದಾಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಮಾತ್ರ ಕಟ್ಟಬಾರದು. ಆಗ ಬೆಡ್‌ಶೀಟನ್ನು ತಲೆ ಮೇಲೆ ಸಡಿಲವಾಗಿ ಹಾಕುತ್ತೇನೆ. ಕಣ್ಣಿಗೆ ಕತ್ತಲಾದರೆ ಅರ್ಧ ಗಾಬರಿ ಇಳಿಯುತ್ತದೆ. ಆಮೇಲೆ ಹಲಗೆಯನ್ನು ಪಕ್ಕಕ್ಕಿಟ್ಟು, ಇಬ್ಬರು ಸೇರಿ ಮೈಯನ್ನು ಒಟ್ಟಿಗೇ ಸರಿಸಬೇಕು. ಬೆನ್ನು ಬಾಗಬಾರದು.

ಅದಕ್ಕೂ ಮೊದಲು ನಿಮ್ಮ ಜೀವ. ನಡುರಸ್ತೆಯಲ್ಲಿ ಬಿದ್ದಿದ್ದು, ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದರೆ ನಾನು ಇಳಿಯುವುದಿಲ್ಲ. ಮುಂದೆ ಹೋಗಿ ಪಕ್ಕಕ್ಕೆ ನಿಲ್ಲಿಸಿ, ಹೆದ್ದಾರಿಯವರ 1033ಕ್ಕೆ ಫೋನ್ ಮಾಡುತ್ತೇನೆ. ದನ, ಎಮ್ಮೆಯಾದರೆ 1962, ಪಶು ಇಲಾಖೆಯ ಆಂಬುಲೆನ್ಸ್. ನವಿಲು, ಮುಸಿಯ ಅಂಥದ್ದಾದರೆ ಅರಣ್ಯ ಇಲಾಖೆಗೆ ತಿಳಿಸಬೇಕು, ಮನೆಗೆ ತಂದಿಟ್ಟುಕೊಳ್ಳುವ ಹಾಗಿಲ್ಲ.

ಇನ್ನು ನೀರಿನ ವಿಷಯ. ಇದೊಂದು ಪ್ರತಿ ಸಲವೂ ಜಗಳ. ಕಳ್ಳಂಬೆಳ್ಳದ ಹತ್ತಿರ ಒಬ್ಬ ತಾತ ಬಾಟಲಿ ಹಿಡಿದು ಬಂದೇಬಿಟ್ಟರು.

"ಬ್ಯಾಡ ತಾತ, ಗಂಟಲಿಗಿಳಿಯಲ್ಲ, ಶ್ವಾಸಕೋಶಕ್ಕೆ ಹೋಗುತ್ತೆ."

"ಸಾಯೋ ಜೀವಕ್ಕೆ ಒಂದು ಗುಟುಕು ನೀರು ಬಿಡಬಾರ್ದೇನಪ್ಪ? ಎಂಥಾ ಮನುಷ್ಯ ನೀನು?"

ಏನು ಹೇಳಲಿ? ಕರ್ಚೀಫು ಒದ್ದೆ ಮಾಡಿ ಅವರ ಕೈಗೇ ಕೊಟ್ಟೆ, ತುಟಿಗೆ ಒತ್ತಿದರು. ಸಮಾಧಾನ ಆಯಿತು, ಹಲಗೆಯ ಇನ್ನೊಂದು ತುದಿ ಅವರೇ ಹಿಡಿದರು. ಹಾಗೆಯೇ ನಾವು ನುಂಗುವ ನೋವಿನ ಮಾತ್ರೆಯನ್ನೂ ಕೊಡಬಾರದು. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ವಿಷ.

ತಾತ ನೀರು ಹಿಡಿದು ಬಂದಿದ್ದ ಆ ನಾಯಿಯನ್ನು ನಾನು ಮನಸ್ಸಿನಲ್ಲಿ ಆಗಲೇ ಬಿಟ್ಟುಬಿಟ್ಟಿದ್ದೆ. ಕಣ್ಣು ಮಂಕಾಗಿತ್ತು, ಹಿಂಗಾಲು ಆಡುತ್ತಿರಲಿಲ್ಲ, ಮೈ ತಣ್ಣಗಿತ್ತು. ಒಯ್ದು ಏನು ಪ್ರಯೋಜನ ಅಂತಲೇ ಹಿಂದಿನ ಸೀಟಿಗೆ ಹಾಕಿದೆ. ಎಕ್ಸ್‌ರೇ ನೋಡಿ ಡಾಕ್ಟರ್, "ಸೊಂಟದ ಮೂಳೆ ಮುರಿದಿದೆ, ಬೆನ್ನು ನೆಟ್ಟಗಿದೆ" ಅಂದರು. ಆಪರೇಷನ್ ಬೇಡವಾಯಿತು. ಆರು ವಾರ ಚಿಕ್ಕ ಜಾಗದಲ್ಲಿ ಕೂಡಿಹಾಕಿದ್ದಷ್ಟೇ. ಈಗ ಹೋಟೆಲೊಂದರ ಮುಂದೆ ಬಿದ್ದುಕೊಂಡು ಬನ್ ತಿನ್ನುತ್ತದೆ, ಸ್ವಲ್ಪ ಕುಂಟು.

ಆಮೇಲೆ ನಾನೊಂದು ನಿಯಮ ಮಾಡಿಕೊಂಡೆ. ಬದುಕುತ್ತೋ ಇಲ್ವೋ ಅಂತ ರಸ್ತೆಯಲ್ಲಿ ನಿಂತು ತೀರ್ಮಾನ ಮಾಡುವುದಿಲ್ಲ. ಕಾರಿಗೆ ಹಾಕಬೇಕೋ ಬೇಡವೋ ಅನ್ನುವುದಷ್ಟೇ ನನ್ನ ಪಾಲಿನದು. ಕಲ್ಲೆತ್ತಿ ಹಾಕಿ "ಮುಕ್ತಿ" ಕೊಡುವವರನ್ನು ನೋಡಿದ್ದೇನೆ. ಒಂದೇ ಏಟಿಗೆ ಮುಗಿದದ್ದನ್ನು ನೋಡಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ಬಿದ್ದ ಪ್ರಾಣಿಯನ್ನು ಕೊನೆಗಾಣಿಸಬೇಕಾದರೆ ಪಶುವೈದ್ಯರ ಮಾತು ಬೇಕು.

ಸೀಬಿ ಹತ್ತಿರ ಸಿಕ್ಕ ನಾಯಿಯದು ಆ ಕಳ್ಳಂಬೆಳ್ಳದ ನಾಯಿಗೆ ಉಲ್ಟಾ. ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು, ಬಾಲದ ಬುಡ ಮಾತ್ರ ರಕ್ತ. ಇದು ಉಳಿಯುತ್ತೆ ಅಂದುಕೊಂಡೆ. ಡಾಕ್ಟರ್ ಹಿಂಗಾಲಿನ ಬೆರಳನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಹಿಸುಕಿದರು. ಕಾಲು ಸರಕ್ಕನೆ ಹಿಂದಕ್ಕೆ ಹೋಯಿತು. "ನೋಡಿ ಸಾರ್, ಎಳ್ಕೊಂತು!" ಅಂದೆ.

"ಕಾಲು ನೋಡಬೇಡಿ, ಮುಖ ನೋಡಿ" ಅಂದರು. ಮತ್ತೆ ಹಿಸುಕಿದರು. ಕಾಲು ಎಳೆದುಕೊಂಡಿತು, ಮುಖ ತಿರುಗಲೇ ಇಲ್ಲ. ಕಾಲು ತಾನಾಗಿಯೇ ಎಳೆದುಕೊಳ್ಳುತ್ತದೆ ಅಷ್ಟೇ, ನೋವು ತಲೆಗೆ ಮುಟ್ಟುತ್ತಿಲ್ಲ. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಎರಡು ತುಂಡಾಗಿ ಒಂದರ ಪಕ್ಕ ಒಂದು ಸರಿದಿತ್ತು. ಮೂತ್ರದ ಹಿಡಿತವೂ ಇಲ್ಲ. ಬೀದಿಯಲ್ಲಿ ತೆವಳಿಕೊಂಡು, ಹುಣ್ಣಿಗೆ ಹುಳ ಬಿದ್ದು ಸಾಯುತ್ತದೆ ಅಂದರು. "ನೀವು ಮನೆಯಲ್ಲಿಟ್ಟುಕೊಂಡು ದಿನಕ್ಕೆ ಮೂರು ಸಲ ಮೂತ್ರ ಹಿಂಡಿ ತೆಗೀತೀರಾ?" ಅಂತಲೂ ಕೇಳಿದರು. ನನ್ನದು ಬಾಡಿಗೆ ಮನೆ, ಹಾಸಿಗೆ ಹಿಡಿದ ಅಮ್ಮ ಇದ್ದಾರೆ. ಆಗಲ್ಲ ಅಂದೆ. ಹಾಗೆ ಅಂದಿದ್ದು ಈಗಲೂ ಕೊರೆಯುತ್ತದೆ, ಆದರೆ ಸುಳ್ಳು ಹೇಳಲಿಲ್ಲ.

ಮೊದಲು ಮಂಪರಿಗೆ ಒಂದು ಇಂಜೆಕ್ಷನ್, ಪೂರ್ತಿ ನಿದ್ದೆ ಹೋದ ಮೇಲೆ ನರಕ್ಕೆ ಇನ್ನೊಂದು. ಬಾಯಿಯ ಪಟ್ಟಿ ಬಿಚ್ಚಿ ತಲೆಯನ್ನು ನಾನೇ ಹಿಡಿದಿದ್ದೆ. ಒಂದು ನಿಮಿಷವೂ ಆಗಿರಲಿಲ್ಲ, ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು ನೋಡಿ ತಲೆಯಾಡಿಸಿದರು. ರಿಜಿಸ್ಟರಿನಲ್ಲಿ "ಮಾಲೀಕರು" ಅನ್ನುವ ಕಡೆ ನನ್ನ ಹೆಸರು ಬರೆದು ಸಹಿ ಹಾಕಿಸಿಕೊಂಡರು.

ಹೂಳಲು ಸೊಂಟದ ಮಟ್ಟದ ಗುಂಡಿ ಬೇಕು, ಇಲ್ಲದಿದ್ದರೆ ಬೇರೆ ನಾಯಿಗಳು ಕೆದರುತ್ತವೆ. ಕೆರೆ ಏರಿಯ ಕೆಳಗೆ ಗೆಳೆಯನ ಹೊಲದಲ್ಲಿ ಜಾಗ ಸಿಕ್ಕಿತು. ಗಟ್ಟಿ ನೆಲ, ಹಾರೆ ಇಳಿಯುತ್ತಿರಲಿಲ್ಲ. ಗೆಳೆಯನ ಹೆಂಡತಿ ಕೇಳದೆಯೇ ಒಂದು ಸೇರು ಕಲ್ಲುಪ್ಪು ತಂದಿಟ್ಟು ಹೋದರು. ಮುಗಿದಾಗ ರಾತ್ರಿ ಹನ್ನೊಂದೂವರೆ.