ಬಿಪಿ ಮಾತ್ರೆ ನುಂಗುವವರು ವ್ಯಾಯಾಮ ಮಾಡುವ ಬಗೆ

ಮೊದಲು ಮಾತ್ರೆಯ ಪಟ್ಟಿ ತಿರುಗಿಸಿ ಔಷಧದ ಹೆಸರು ಓದಿ. ದಪ್ಪಕ್ಷರದ ಬ್ರ್ಯಾಂಡ್ ಹೆಸರಲ್ಲ, ಅದರ ಕೆಳಗೆ ಸಣ್ಣದಾಗಿ ಇರುವುದು. ವ್ಯಾಯಾಮದಲ್ಲಿ ಎಲ್ಲಿ ಎಡವಬಹುದು ಎಂಬುದನ್ನು ಆ ಹೆಸರೇ ಹೇಳುತ್ತದೆ.

ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್‌ಗಳು ಬೀಟಾ ಬ್ಲಾಕರ್‌ಗಳು. ಇವು ಹೃದಯ ಬಡಿತಕ್ಕೆ ಕಡಿವಾಣ ಹಾಕುತ್ತವೆ. ಹಾಗಾಗಿ 220ರಲ್ಲಿ ವಯಸ್ಸು ಕಳೆದು ಬಡಿತದ ಗುರಿ ಹಾಕುವ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ವಾಚು ತೋರಿಸುವ ಗುರಿಯ ಬೆನ್ನು ಹತ್ತಿದರೆ ಏದುಸಿರು ಬರುತ್ತದೆ, ಅಂಕಿ ಮಾತ್ರ ಏರುವುದಿಲ್ಲ. ಮಾತನ್ನೇ ಅಳತೆಗೋಲು ಮಾಡಿಕೊಳ್ಳಿ: ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಜೊತೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಇನ್ನೊಂದು ಗಮನಿಸಬೇಕು. ಸಕ್ಕರೆ ಕುಸಿದಾಗ ಬರುವ ನಡುಕ, ಎದೆಬಡಿತವನ್ನು ಈ ಮಾತ್ರೆ ಮರೆಮಾಚುತ್ತದೆ. ಸಾಮಾನ್ಯವಾಗಿ ಸುಳಿವು ಕೊಡುವುದು ಬೆವರೊಂದೇ.

ಆಮ್ಲೋಡಿಪಿನ್, ಪ್ರಾಜೋಸಿನ್ ರಕ್ತನಾಳ ಸಡಿಲಿಸುತ್ತವೆ. ವ್ಯಾಯಾಮವೂ ಅದನ್ನೇ ಮಾಡುತ್ತದೆ. ಜೋರಾಗಿ ನಡೆದು ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲಿಡುತ್ತದೆ. ಕೊನೆಯ 5ರಿಂದ 10 ನಿಮಿಷ ವೇಗ ಇಳಿಸುತ್ತಾ ಬನ್ನಿ. ಕೂಡಲೇ ಬಿಸಿನೀರು ಸ್ನಾನಕ್ಕೆ ಹೋಗಬೇಡಿ.

ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ತಾಲಿಡೋನ್‌ನಂಥ ಮೂತ್ರದ ಮಾತ್ರೆಗಳು ನೀರು, ಸೋಡಿಯಂ, ಪೊಟ್ಯಾಸಿಯಂ ಹೊರಹಾಕುತ್ತವೆ. ಬಿಸಿಲಲ್ಲಿ ಬೆವರೂ ಸೇರಿದರೆ ತಲೆ ತಿರುಗುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ತಂಪು ಹೊತ್ತಿನಲ್ಲಿ ನಡೆಯಿರಿ. ನೀರು ಎಷ್ಟೆಂದು ವೈದ್ಯರನ್ನು ಕೇಳಿಕೊಳ್ಳಿ; ಹೃದಯ ವೈಫಲ್ಯ ಇದ್ದವರಿಗೆ ಮಿತಿ ಇರಬಹುದು. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನವರು ಪೊಟ್ಯಾಸಿಯಂ ಬೆರೆಸಿದ ‘ಕಡಿಮೆ ಸೋಡಿಯಂ ಉಪ್ಪು’ ತಾವಾಗಿಯೇ ಶುರು ಮಾಡಬಾರದು. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವ ಅಭ್ಯಾಸವಂತೂ ಕೆಟ್ಟದ್ದು: ಬಿಪಿ ಏರಿಸುತ್ತವೆ, ಮೂತ್ರದ ಮಾತ್ರೆ ಅಥವಾ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು.

ಪ್ರಮಾಣ ಸರಳ: ಬಿರುಸು ನಡಿಗೆ ಅಥವಾ ಸೈಕಲ್, ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ. ಹೊಸಬರು 10 ನಿಮಿಷದಿಂದ ಶುರು ಮಾಡಲಿ. ವಾರಕ್ಕೆ ಎರಡು ದಿನ ಹಗುರ ತೂಕ, 10ರಿಂದ 15 ಸಲ. ಎತ್ತುವಾಗ ಉಸಿರು ಬಿಡಿ. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಆ ಕ್ಷಣದ ಒತ್ತಡ 200 ದಾಟಬಲ್ಲದು. ವಿಶ್ರಾಂತಿಯಲ್ಲೇ 180/110 ಮೀರಿದ್ದರೆ ಆ ದಿನ ವ್ಯಾಯಾಮ ಬೇಡ, ವೈದ್ಯರಿಗೆ ತಿಳಿಸಿ. ಎದೆ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು ಬಂದರೆ ತಕ್ಷಣ ನಿಲ್ಲಿಸಿ ತುರ್ತು ಚಿಕಿತ್ಸೆಗೆ ಹೋಗಿ.

ನಿಯಮಿತ ವ್ಯಾಯಾಮ ಮೇಲಿನ ಅಂಕಿಯನ್ನು ಸುಮಾರು 5ರಿಂದ 8ರಷ್ಟು ಇಳಿಸುತ್ತದೆ, ಅದೂ ಮಾತ್ರೆಯ ಇಳಿತದ ಮೇಲೆ. ಇಲ್ಲೇ ಹಲವರು ತಪ್ಪುವುದು: ಅಂಕಿ ಚೆನ್ನಾಗಿದೆ ಎಂದು ಮಾತ್ರೆ ಬಿಡುತ್ತಾರೆ. ಬೀಟಾ ಬ್ಲಾಕರ್ ಏಕಾಏಕಿ ನಿಲ್ಲಿಸಿದರೆ ಹೃದಯಾಘಾತದವರೆಗೂ ಹೋಗಬಹುದು. ಡೋಸ್ ಇಳಿಸಬಹುದೇ ಎಂದು ಕೇಳಲು ದಾಖಲೆ ಒಯ್ಯಿರಿ: 7 ದಿನ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ರಾತ್ರಿ, 5 ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತ ಮೇಲೆ, ನಿಮಿಷದ ಅಂತರದಲ್ಲಿ ಎರಡೆರಡು ಸಲ. ನಡಿಗೆ ಮುಗಿದ ಬೆನ್ನಲ್ಲೇ ನೋಡಿದ್ದನ್ನು ಬರೆಯಬೇಡಿ. ವ್ಯಾಯಾಮದ ನಂತರ ಕೆಲವು ಗಂಟೆ ಒತ್ತಡ ತಾನಾಗಿಯೇ ತಗ್ಗಿರುತ್ತದೆ. ಡೋಸ್ ಇಳಿದ ಮೇಲೆ ಕಾಯಿಲೆಯಿಂದಲೋ ಪ್ರಯಾಣದಿಂದಲೋ ಕೆಲವು ವಾರ ನಡಿಗೆ ತಪ್ಪಿದರೆ ಮತ್ತೆ ಅಳೆದು ನೋಡಿ.