ಓದುವವರು ನಿಮ್ಮ ಬೆಂಗಳೂರನ್ನು ನಂಬಬೇಕಾದರೆ

ಕಥೆ ಕಟ್ಟಿದ್ದು ಅಂತ ಓದುವವರಿಗೆ ಗೊತ್ತೇ ಇರುತ್ತದೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಅವರು ದಿನಾ ನೋಡುವುದನ್ನು, ಕೈಯಾರೆ ಮುಟ್ಟಿದ್ದನ್ನು ನೀವು ತಪ್ಪು ಬರೆದರೆ ಕಥೆ ಕೈಬಿಟ್ಟು ಹೋಗುತ್ತದೆ. 1985ರಲ್ಲಿ ನಡೆಯುವ ನನ್ನ ಕಥೆಯೊಂದರಲ್ಲಿ ಹುಡುಗ ಮನೆ ಬಿಟ್ಟು ಬಿಎಂಟಿಸಿ ಬಸ್ ಹತ್ತಿದ್ದ. ಓದುತ್ತಿದ್ದ ಸೋದರಮಾವ ತಲೆ ಎತ್ತಿ, "ಆಗ ಬಿಟಿಎಸ್ ಅಲ್ವೇನೋ?" ಅಂದರು. ಸಿಟಿ ಬಸ್ಸು ಬಿಎಂಟಿಸಿ ಆಗಿದ್ದು 1997ರಲ್ಲಿ, ಅದಕ್ಕೂ ಮುಂಚೆ ಅದರ ಹೆಸರು ಬಿಟಿಎಸ್. ಆಮೇಲೆ ಹುಡುಗ ಅಳುವ ಜಾಗ ಬಂದರೂ ಅವರ ಮುಖ ಬದಲಾಗಲಿಲ್ಲ.

ಹಾಗಾಗಿ ಮೊದಲು ಕಥೆಯ ವರ್ಷ ಗೊತ್ತು ಮಾಡಿಕೊಳ್ಳಿ, ಆಗ ಇಲ್ಲದ್ದನ್ನು ತೆಗೆಯಿರಿ. 2011ರ ಅಕ್ಟೋಬರ್‌ಗೆ ಮುಂಚೆ ಇಲ್ಲಿ ಮೆಟ್ರೋ ಓಡಿಲ್ಲ.

ಇನ್ನು ಜಾಗ. ಸುಮ್ನೆ ಮ್ಯಾಪ್ ನೋಡಿ ಬರೆಯಬೇಡಿ, ಹೋಗಿ ನಿಂತು ನೋಡಿ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋದರೆ ಬಣ್ಣ, ವಾಸನೆ, ಗದ್ದಲ ಎಲ್ಲ ಸಿಗುತ್ತದೆ, ಅದನ್ನೆಲ್ಲ ತುಂಬಿದರೆ ಕಥೆ ಉಸಿರಾಡುವುದಿಲ್ಲ. ಒಂದನ್ನು ಆರಿಸಿ. ಬಿಡಿ ಹೂವು ಕೆಜಿ ಲೆಕ್ಕ, ಕಟ್ಟಿದ್ದು ಮೊಳದ ಲೆಕ್ಕ ಅಲ್ವಾ? ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ, ಅಂದರೆ ಅಳೆಯುವ ಕೈ ಯಾರದ್ದು ಅನ್ನುವುದು ಮುಖ್ಯ. ಹೂವು ಮಾರುವ ಅಮ್ಮನ ಪಕ್ಕದಲ್ಲಿ ಹತ್ತು ವರ್ಷದ ಮಗಳು ಕೂತಿದ್ದಾಳೆ ಅಂದುಕೊಳ್ಳಿ. ಅವಳ ಮೊಳ ಚಿಕ್ಕದು. ಅಮ್ಮ ಯಾವ ಗಿರಾಕಿಗೆ ತಾನೇ ಅಳೆದು ಕೊಡುತ್ತಾಳೆ, ಯಾರು ಬಂದರೆ "ನೀನು ಅಳಿಯೇ" ಅಂತ ಮಗಳ ಕಡೆ ತಿರುಗುತ್ತಾಳೆ, ಅದನ್ನು ಆ ಮಗು ಯಾವತ್ತು ಅರ್ಥ ಮಾಡಿಕೊಳ್ಳುತ್ತದೆ? ನನಗೆ ಬೇಕಾದ ನಿಜ ಈ ಥರದ್ದು.

ದೆವ್ವದ ಕಥೆ ಬರೆಯುವವರಿಗೂ ಇದೇ ಮಾತು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ. ಕೊನೇ ಬಸ್ ಹೋದ ಮೇಲೆ ಒಬ್ಬಳಿಗೆ ಪ್ಲಾಟ್‌ಫಾರ್ಮ್ ಕೆಳಗೆ ನೀರಿನ ಸದ್ದು ಕೇಳಿಸಲಿ, ನಾನು ನಂಬುತ್ತೇನೆ, ಯಾಕೆಂದರೆ ಕಥೆಯಲ್ಲಿ ಅದಕ್ಕೂ ಮುಂಚೆ ಕಂಡಕ್ಟರ್ ಚಿಲ್ಲರೆ ಇಲ್ಲ ಅಂತ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟಿದ್ದನ್ನು ನೋಡಿದ್ದೇನೆ. ಆದರೆ ನೀವೇ ಹಾಕಿದ ನಿಯಮ ಮುರಿಯಬೇಡಿ. ಮಧ್ಯಾಹ್ನವೂ ನೀರು ಹರಿದರೆ ಹೆದರಿಕೆ ಹೋಯಿತು.

ಮಾತುಕತೆಯನ್ನು ಜೋರಾಗಿ ಓದಿಕೊಳ್ಳಿ. ಇಲ್ಲಿನ ಆಟೋದವರು ಒಬ್ಬರ ಹತ್ತಿರ ಕನ್ನಡ, ಇನ್ನೊಬ್ಬರ ಹತ್ತಿರ ತಮಿಳು ಮಾತಾಡುತ್ತಾರೆ, "ಬನ್ನಿ ಸಾರ್" ಅಂದವರೇ ಜಗಳ ಆದಾಗ "ಏನಯ್ಯ" ಅನ್ನುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಕನ್ನಡ ಇದ್ದರೆ ಅದು ನಿಮ್ಮದು, ಪಾತ್ರದ್ದಲ್ಲ.

ಬರೆದು ಮುಗಿದ ಮೇಲೆ ಆ ಏರಿಯಾ ಗೊತ್ತಿರುವ ಒಬ್ಬರಿಗೆ ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ಕೈಗೆ ಪೆನ್ಸಿಲ್ ಕೊಟ್ಟು, ನಂಬಿಕೆ ಬರದ ಕಡೆ ಗೆರೆ ಎಳೆಯಿರಿ ಅನ್ನಿ. ವಿವರ ತಪ್ಪಿದ ಕಡೆಗಿಂತ, ಪಾತ್ರ ಹಾಗೆ ಯಾಕೆ ಮಾಡಿತು ಅಂತ ಗೊತ್ತಾಗದ ಕಡೆ ಬಿದ್ದ ಗೆರೆಗಳನ್ನು ಜಾಸ್ತಿ ಹೊತ್ತು ನೋಡಿ. ಮಾವ ಹೇಳಿದ ಬಸ್ಸಿನ ಹೆಸರು ತಿದ್ದುವುದಕ್ಕೆ ನನಗೆ ಒಂದು ನಿಮಿಷ ಸಾಕಾಯಿತು. ಆ ಹುಡುಗ ಮನೆ ಬಿಟ್ಟು ಯಾಕೆ ಹೋದ ಅನ್ನುವುದಕ್ಕೆ ಎರಡು ತಿಂಗಳು ಹಿಡಿಯಿತು.